ಮಾಸ್ತರರ ಮೃತ್ಯುಪತ್ರ, ರೇಣುವಿನ ಎಂ.ಎ.

ಸವದತ್ತಿ ತಾಲೂಕಿನ ಚಚಡಿಯ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ರೇಣು ಸಾರಿಗೆ ಒಗ್ಗರಣೆ ಕೊಡುತ್ತಿದ್ದಳು. ಮಗಳು ಶೀತಲ್ ಲಕೋಟೆ ಹಿಡಿದು ಏದುಸಿರು ಬಿಡುತ್ತ ಓಡಿಬಂದಳು.

"ಅವ್ವಾ, ಕಿತ್ತೂರಿಂದ ಪತ್ರ ಬಂದೈತಿ! ನಾಳೆ ಹನ್ನೊಂದಕ್ಕ ಇಂಟರ್‌ವ್ಯೂ!"

"ಯಾರಿಗೆ?"

"ನಿನಗಬೇ! ಬಾಳಕೃಷ್ಣ ಮಾಸ್ತರರ ಸ್ಕಾಲರ್‌ಶಿಪ್ಪಿಗೆ!"

"ನಾ ಎಲ್ಲಿ ಅರ್ಜಿ ಹಾಕೇನಿ?"

"ರೇಷನ್ ಕಾರ್ಡಿಂದು ಅಂತ ಹೇಳಿ ಸಹಿ ಮಾಡಿಸ್ಕೊಂಡಿದ್ನೆಲ್ಲ, ಅದ ಅರ್ಜಿ."

ಒಗ್ಗರಣೆ ಸೀದುಹೋಯಿತು.

ರೇಣುವಿಗೆ ಮೂವತ್ತೊಂಬತ್ತು. ಪಿಯುಸಿ ಮುಗಿದ ವರ್ಷವೇ ಭೀಮಶಿಯನ್ನು ಮದುವೆಯಾಗಿ ಈ ಊರಿಗೆ ಬಂದವಳು. ಶೀತಲ್ ಹೈಸ್ಕೂಲು ಸೇರಿದ ಮೇಲೆ ತಾನೂ ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದ್ದಳು. ಈ ಸಲ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ.ಗೆ ಸೀಟೂ ಸಿಕ್ಕಿತ್ತು. ಎರಡು ದಿನ ಹಿಗ್ಗಿ, ಫೀಸು, ಹಾಸ್ಟೆಲು ನಮ್ಮಿಂದ ನೀಗುವುದಲ್ಲವೆಂದು ಆ ಕಾಗದವನ್ನು ಜೋಳದ ಡಬ್ಬಿಯ ಕೆಳಗೆ ಸರಿಸಿಬಿಟ್ಟಿದ್ದಳು. ಶೀತಲ್ ಅದನ್ನು ಹುಡುಕಿ ತೆಗೆದಿದ್ದಳು.

ಬಾಳಕೃಷ್ಣ ಮಾಸ್ತರರು ಕಿತ್ತೂರಿನಲ್ಲಿ ಜೀವಮಾನವಿಡೀ ಇತಿಹಾಸ ಕಲಿಸಿದವರು. ಮಕ್ಕಳಿರಲಿಲ್ಲ. ಹೋದ ವರ್ಷ ತೀರಿಕೊಂಡಾಗ ಅವರ ಮೃತ್ಯುಪತ್ರ ಓದಿ ಎಲ್ಲರೂ ಬೆರಗಾದರು. ದೇಗಾಂವದ ಹೊಲ, ಬ್ಯಾಂಕಿನ ಠೇವಣಿ, ಎಲ್ಲವೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಿಂದ ವಿಶ್ವವಿದ್ಯಾಲಯ ಸೇರುವ ಬಡವರಿಗೆ. ಮೊದಲ ವರ್ಷ ನಾಲ್ಕು ಮಂದಿಗೆ.

"ಈ ವಯಸ್ಸಿನ್ಯಾಗ ಮಂದಿ ನಗತಾರ," ಎಂದಳು ರೇಣು ಆ ಸಂಜೆ.

"ನಗಲಿ ಬಿಡವಾ," ಎಂದಳು ಅತ್ತೆ ಮುದಕವ್ವ. "ಕೇಳಿದ್ರ ನಾಲಿಗಿ ಸವೀತೈತೇನು?"

ಭೀಮಶಿ ಎದ್ದು ಹೋಗಿ ಮೋಟಾರ್‌ಸೈಕಲ್ ತೊಳೆಯತೊಡಗಿದ.

ಮರುದಿನ ಗಂಡ, ಹೆಂಡತಿ, ಮಗಳು ಮೂವರೂ ಅದೇ ಗಾಡಿಯ ಮೇಲೆ ಬೈಲಹೊಂಗಲ ದಾಟಿ ಕಿತ್ತೂರು ಮುಟ್ಟಿದರು. ಮಾಸ್ತರರ ಮನೆಯ ಪಡಸಾಲೆ ಹುಡುಗ ಹುಡುಗಿಯರಿಂದ ತುಂಬಿಹೋಗಿತ್ತು. ರಾಮದುರ್ಗದ ಹುಡುಗಿಯೊಬ್ಬಳು ಸರಿದು ಜಾಗ ಕೊಟ್ಟು, "ಕುಂದರ್ರಿ ಆಂಟಿ, ನಿಮ್ಮ ಮಗಳ ನಂಬರ್ ಎಷ್ಟ್ರಿ?" ಎಂದು ಕೇಳಿದಳು. ರೇಣುವಿನ ಕಿವಿ ಬಿಸಿಯಾಯಿತು.

ಒಳಗೆ ಇಬ್ಬರಿದ್ದರು: ಮಾಸ್ತರರ ತಮ್ಮನ ಮಗಳು, ಕಾಲೇಜಿನಲ್ಲಿ ಕಲಿಸುವ ಸುಚೇತಾ, ಮತ್ತೆ ಮೃತ್ಯುಪತ್ರ ಬರೆದುಕೊಟ್ಟ ಮುಪ್ಪಿನ ವಕೀಲ ಮುಕುಂದರಾಯರು. ರಾಯರು ಅರ್ಜಿಯನ್ನೂ ರೇಣುವನ್ನೂ ಎರಡೆರಡು ಸಲ ನೋಡಿದರು.

"ತಪ್ಪು ತಿಳೀಬ್ಯಾಡ್ರಿ ತಂಗಿ. ಇದು ಎಳೀ ಹುಡುಗರ ಸಲುವಾಗಿ ಇಟ್ಟದ್ದು ಅದ."

ರೇಣು ಎದ್ದುಬಿಟ್ಟಳು. ಸುಚೇತಾ ಕೈ ಮಾಡಿ ತಡೆದು, "ತಡೀರಿ. ಇತಿಹಾಸನ ಯಾಕ್ರಿ?" ಎಂದು ಕೇಳಿದಳು.

ನಿಂತಲ್ಲೇ ರೇಣುವಿಗೆ ಮಾತು ಬಂತು.

"ನಮ್ಮತ್ತಿ ಟ್ರಂಕಿನ್ಯಾಗ ಒಂದು ಕಟ್ಟು ಹಳೀ ಕಾಗದ ಅದಾವ್ರಿ, ಹಿಂದಕ ಮರಾಠಿ ಬರಿಯೂ ಮೋಡಿ ಲಿಪಿಯಾಗ. ಊರಾಗ ಹಂತಾವು ಹತ್ತು ಮನಿಯಾಗ ಅದಾವು. ಓದಾಕ ಬರೂವರು ಒಬ್ರೂ ಉಳಿದಿಲ್ಲ. ಹಿರ್ಯಾರು ನಮಗಂತನ ಬರದಿಟ್ಟಾರ, ನಾವು ಇಲಿ ತಿನ್ನಾಕ ಬಿಟ್ಟೇವಿ! ನಾ ಆ ಲಿಪಿ ಕಲೀಬೇಕ್ರಿ. ಕಲತು ಮನಿ ಮನಿಗೆ ಹೋಗಿ ಓದಿ ಹೇಳಬೇಕ್ರಿ."

ಸೌಟು ಹಿಡಿದವಳಂತೆ ಕೈ ಬೀಸುತ್ತಿದ್ದೇನೆಂದು ಆಮೇಲೆ ಗಮನಕ್ಕೆ ಬಂದು, ಕೈ ಹಿಂದೆ ಕಟ್ಟಿಕೊಂಡಳು.

ಸುಚೇತಾ ಮೃತ್ಯುಪತ್ರದ ಹಾಳೆ ತಿರುವಿದಳು. "ಕೇಳ್ರಿ ಕಾಕಾ. 'ಓದುವ ಹಸಿವಿದ್ದು ಅನುಕೂಲವಿಲ್ಲದವರಿಗೆ.' ಇಷ್ಟ ಅದ. ವಯಸ್ಸಿನ ಮಾತು ಎಲ್ಲೂ ಇಲ್ಲ."

ರಾಯರು ಕನ್ನಡಕ ಏರಿಸಿ ಆ ಸಾಲಿನ ಮೇಲೆ ಬೆರಳಿಟ್ಟರು. "ಹೌದಲ್ಲ! ನಾನ ಬರದೇನಿ, ನಾನ ಮರತೇನಿ," ಎಂದು ನಕ್ಕರು. ಆದರೂ ನಿರ್ಧಾರ ಮಧ್ಯಾಹ್ನ ಮೂರಕ್ಕೇ ಎಂದರು.

ಅಲ್ಲಿಯ ತನಕ ರೇಣು ಅಂಗಳದಲ್ಲಿ ಅತ್ತಿಂದಿತ್ತ ಅಡ್ಡಾಡಿದಳು. ಮೂರಕ್ಕೆ ಸರಿಯಾಗಿ ಸುಚೇತಾ ಹೊಸ್ತಿಲಿಗೆ ಬಂದು ಪಟ್ಟಿ ಓದಿದಳು. ಮೊದಲು ರಾಮದುರ್ಗದ ಆ ಹುಡುಗಿ. ಎರಡನೆಯವನು ಕಿತ್ತೂರಿನವನೇ. ಮೂರನೆಯ ಹೆಸರು ಬೈಲಹೊಂಗಲದ್ದು. ರೇಣು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದ್ದಳು.

"ರೇಣು ಭೀಮಶಿ, ಚಚಡಿ!"

ಶೀತಲ್ ಕಿರುಚಿದ್ದಕ್ಕೆ ಓಣಿಯ ನಾಯಿಗಳೆಲ್ಲ ಬೊಗಳಿದವು. ರಾಮದುರ್ಗದ ಹುಡುಗಿ ಓಡಿಬಂದು, "ಆಂಟಿ, ನೀವ ಏನ್ರಿ!" ಎಂದು ತಬ್ಬಿಕೊಂಡಳು. ಭೀಮಶಿ ಗುರುತಿಲ್ಲದವರ ಕೈಯೆಲ್ಲ ಹಿಡಿದು ಕುಲುಕುತ್ತ, "ನಮ್ಮಾಕಿರೀ, ನಮ್ಮಾಕಿ!" ಎನ್ನುತ್ತಿದ್ದ. ರೇಣುವಿಗೆ ನಗುವೂ ಅಳುವೂ ಒಮ್ಮೆಗೇ ಬಂದವು.

"ಹಾಸ್ಟೆಲ್ಲಿಗೆ ಹೋದ್ರ ಮನ್ಯಾಗ ರೊಟ್ಟಿ ಯಾರು ಬಡೀತಾರು?" ಎಂದಳು ಕಣ್ಣೊರೆಸಿಕೊಂಡು.

"ನಾ ಬಡೀತೇನಿ," ಎಂದ ಭೀಮಶಿ. "ದುಂಡಗ ಆಗಲಿಕ್ಕಿಲ್ಲ, ಅಷ್ಟ."

ಬರುವಾಗ ಬೈಲಹೊಂಗಲದ ಪೇಟೆಯಲ್ಲಿ ಗಾಡಿ ನಿಲ್ಲಿಸಿದರು. ಶೀತಲ್ ಹತ್ತು ಬ್ಯಾಗು ತೆಗೆಸಿದಳು. ರೇಣು ಎಲ್ಲಕ್ಕಿಂತ ಕೆಂಪಗಿದ್ದದ್ದನ್ನು ಆರಿಸಿಕೊಂಡು ಅಲ್ಲೇ ಹೆಗಲಿಗೆ ಏರಿಸಿದಳು. ಮುಂದಿನ ಸೋಮವಾರ ಧಾರವಾಡದಲ್ಲಿ ಮೊದಲ ಪಾಠಕ್ಕೆ, ಪ್ರಾಧ್ಯಾಪಕರಿಗಿಂತ ಅರ್ಧ ತಾಸು ಮೊದಲೇ, ಮುಂದಿನ ಬೆಂಚಿನಲ್ಲಿ ಹೋಗಿ ಕುಳಿತಳು.