ಮೊದಲು ಮನೆಯವರಿಗೆ

ಹಿಸಾಕೊ ಎಂಬ ಈ ಜಪಾನಿ ಹೆಂಗಸಿನ ಹಟಕ್ಕಿಷ್ಟು ಬೆಂಕಿ ಬೀಳಲಿ! ಜೀವಮಾನವೆಲ್ಲ ಸಾಕ್ಷ್ಯಚಿತ್ರ ತೆಗೆದವಳು. ಕಾರ್ಖಾನೆಯ ವಿಷ ಸೇರಿದ ಮೀನು ತಿಂದು ಕೈಕಾಲು ಸೊಟ್ಟಗಾದವರು, ಕುಷ್ಠವೆಂದು ಊರಾಚೆ ದೂಡಿಸಿಕೊಂಡವರು, ಇಂಥವರ ನಡುವೆಯೇ ಬದುಕು ಸವೆಸಿದ್ದಾಳೆ. ಅವಳದೊಂದು ನೇಮ: ಚಿತ್ರವನ್ನು ಮೊದಲು ಅದರಲ್ಲಿರುವವರಿಗೆ ತೋರಿಸಬೇಕು, ಅವರಿಲ್ಲದಿದ್ದರೆ ಮನೆಯವರಿಗೆ. ಅವರು ಬೇಡವೆಂದರೆ ಮುಗಿಯಿತು, ಅದು ಹೊರಗೆ ಬರುವಂತಿಲ್ಲ. ಇದು ತನ್ನ ಕೊನೆಯ ಚಿತ್ರ ಎಂದಿದ್ದಳು.

ಶಹಾಪುರದಲ್ಲಿ ಇಂಗ್ಲಿಷ್ ಕಲಿಸುವ ನಾನು ಅವಳ ದುಭಾಷಿ. ಸುರಪುರದ ಮರಿಲಿಂಗ ಪಾಯಖಾನೆ ಗುಂಡಿಗಿಳಿದು ಮಲ ಬಳಿಯುವುದನ್ನು ಹೋದ ವರ್ಷ ಚಿತ್ರೀಕರಿಸಿದ್ದಳು. ಅವಳು ಜಪಾನಿಗೆ ಹೋಗಿ ಚಿತ್ರ ಜೋಡಿಸುತ್ತಿದ್ದಾಗ ಅವನು ಯಾದಗಿರಿಯ ಒಂದು ಗುಂಡಿಯಲ್ಲಿ ಉಸಿರುಗಟ್ಟಿ ಸತ್ತ. ಕರೆದೊಯ್ದಿದ್ದ ಗುತ್ತಿಗೆದಾರ ಅವನ ತಾಯಿ ದೇವಕಮ್ಮನಿಗೆ, ಪಂಪ್‌ಸೆಟ್ಟಿನ ಕರೆಂಟ್ ಹೊಡೆಯಿತೆಂದು ಹೇಳಿ ಕೈತೊಳೆದುಕೊಂಡ.

ಚಿತ್ರದಲ್ಲಿ ಮರಿಲಿಂಗ ಎದೆಮಟ ಹೊಲಸಿನಲ್ಲಿ ನಿಂತು ನನಗೇ ಹೇಳುತ್ತಾನೆ: “ನಮ್ಮವ್ವಗ ಹೇಳಬ್ಯಾಡ್ರಿ ಅಕ್ಕೋರ. ಭೀಮರಾಯನಗುಡಿ ನೀರಾವರಿ ಕ್ಯಾಂಪಿನ್ಯಾಗ ಮಗ ಗಿಡಕ್ಕ ನೀರು ಹಾಕ್ತಾನಂತ ತಿಳಕೊಂಡಾಳ.”

ತಾಯಿಗೆ ಇದನ್ನು ತೋರಿಸಬೇಡ ಎಂದು ಹಿಸಾಕೊಗೆ ಪರಿಪರಿಯಾಗಿ ಹೇಳಿದೆ, ಜಗಳವಾಡಿದೆ. ಸತ್ತವನ ಮಾತು ಮುರಿಯುತ್ತೀಯಾ ಎಂದೆ. ಆ ಮಾತನ್ನು ಕತ್ತರಿಸಿದರೆ ತಾಯಿಗೆ ಮೋಸ, ತೋರಿಸದೆಯೇ ಬಿಟ್ಟರೆ ಅವಳ ಮಗನನ್ನು ಕದ್ದಂತೆ ಎಂದಳು. ಹಿಡಿದ ಪಟ್ಟು ಬಿಡಲಿಲ್ಲ.

ದೇವಕಮ್ಮನ ಮನೆಯಲ್ಲಿ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಿತ್ರ ಹಚ್ಚಿದೆವು. ಮಗ ಗುಂಡಿಗಿಳಿದ. ಆ ಮಾತು ಆಡಿದ. ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ದೇವಕಮ್ಮ ಅಳಲಿಲ್ಲ. ಸೆರಗಿನಿಂದ ಪರದೆಯ ಮೇಲಿನ ಮಗನ ಮುಖ ಒರೆಸಿದಳು. ಚಿತ್ರ ಮುಗಿದ ಮೇಲೆ, ಎಲ್ಲರಿಗೂ ತೋರಿಸಿ, ಏನೂ ಬಿಡಬೇಡಿ, ಕರೆಂಟ್ ಅಂದವನೂ ನೋಡಲಿ ಎಂದಳು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಹಿಸಾಕೊ ಎರಡೂ ಕೈ ನೆಲಕ್ಕೂರಿ ತಲೆ ಬಾಗಿಸಿದಳು.

ಆಮೇಲೆ ದೇವಕಮ್ಮ ನನ್ನ ಕಡೆ ತಿರುಗಿದಳು.

“ನನಗ ಮೊದಲ ಗೊತ್ತಿತ್ರಿ ಅಕ್ಕೋರ. ಅವನ ಅಂಗಿ ಒಗದಾಕಿ ನಾನಲ್ಲೇನ್ರಿ? ದಿನಾ ಗಿಡದ ಸುದ್ದಿ ಹೇಳತಿದ್ದ, ನಾ ಹೂಂ ಅಂತಿದ್ದೆ. ಮಗ ನಾಚಿಕೊಂಡಾನಂತ.”

ಪರದೆಯನ್ನು ಸೆರಗಿನಿಂದ ಮತ್ತೊಮ್ಮೆ ಒರೆಸಿದಳು.

“ನನಗ ಗೊತ್ತೈತಿ, ಆ ಕೆಲಸ ಬಿಡೋ ಯಪ್ಪಾ ಅಂತ ನಾ ಒಂದು ಸಲ ಅಂದಿದ್ದರ, ಬಿಡತಿದ್ದನೇನ್ರಿ?”

ಹಿಸಾಕೊ ಅನುವಾದಕ್ಕಾಗಿ ನನ್ನ ಮುಖ ನೋಡುತ್ತಿದ್ದಳು, ದೇವಕಮ್ಮ ಉತ್ತರಕ್ಕಾಗಿ.