ಛಾವಣಿಯ ಮೇಲೆ ಕೂತ ಕಂಡಕ್ಟರ್

ಮಧ್ಯಾಹ್ನ ಮೂರು ಗಂಟೆಗೆ ಬಸ್ಸಿನ ಛಾವಣಿ ಕೂರಲಿಲ್ಲ.

ಗೇಣುದ್ದದ ಬಸ್ಸು ಅದು, ಪೂರಾ ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳದ್ದು. ನಿಜವಾದ ಬಸ್ಸು ಓಡಿಸುವ ಡ್ರೈವರಮ್ಮ ಇದನ್ನು ಊಟದ ಬಿಡುವಿನಲ್ಲಿ ತಿಂಗಳುಗಟ್ಟಲೆ ಕೂತು ಕಟ್ಟಿದ್ದಳು. ಸಂಜೆ ಐದಕ್ಕೆ ಡಿಪೋದಲ್ಲಿ ಅವಳ ಕಂಡಕ್ಟರಿಗೆ ನಿವೃತ್ತಿಯ ಬೀಳ್ಕೊಡುಗೆ. ಹನ್ನೆರಡು ವರ್ಷ ಅವಳ ಬೆನ್ನ ಹಿಂದೆ ನಿಂತು ಸೀಟಿ ಊದಿದವರು. ಗಡಿಯಾರ ಯಾರು ಬೇಕಾದರೂ ಕೊಡುತ್ತಾರೆ, ಅವರ ಕೈಗೆ ಅವರದೇ ಬಸ್ಸು ಕೊಡಬೇಕೆಂಬುದು ಅವಳ ಹಟ.

ಹಿಂದಿನ ದಿನ ಛಾವಣಿಯ ಪಟ್ಟಿಯನ್ನು ಅವಳೇ ದೊಡ್ಡ ಬಸ್ಸಿನ ಮುಂಗಾಜಿನ ಕೆಳಗೆ ಮರೆತು ಬಂದಿದ್ದಳು. ಬಿಸಿಲಿಗೆ ಅದು ದೋಣಿಯಂತೆ ಬಾಗಿತ್ತು. ಮುಂದೆ ಒತ್ತಿದರೆ ಹಿಂದೆ ಏಳುತ್ತಿತ್ತು, ಹಿಂದೆ ಒತ್ತಿದರೆ ಮುಂದೆ.

"ಇನ್ನೊಂದ್ಸಲ ಒತ್ತಿದ್ರೆ ಕಿಟಕಿ ಕಂಬ ಮುರಿಯುತ್ತೆ. ಇದೇನು ಬ್ರೇಕಾ, ಅಕ್ಕ?" ಎಂದಳು ತಂಗಿ. ಅವಳ ಕೆಲಸ ಕನ್ನಡಕದಂಗಡಿಯಲ್ಲಿ. ಸೊಟ್ಟ ಫ್ರೇಮುಗಳನ್ನು ಬಿಸಿ ಮಾಡಿ ನೆಟ್ಟಗೆ ಮಾಡುವುದರಲ್ಲಿ ಪಳಗಿದ ಕೈ.

"ಮತ್ತೇನ್ಮಾಡ್ಲಿ? ನಿನ್ನ ತಲೇನ ಛಾವಣಿ ಮಾಡ್ಲಾ?"

"ನೀರು ಕಾಯ್ಸು. ಕುದಿಸ್ಬೇಡ ಮತ್ತೆ!"

ಬೆರಳದ್ದಿದರೆ ಚುರುಗುಟ್ಟುವ ನೀರಿನಲ್ಲಿ ಪಟ್ಟಿ ಸ್ವಲ್ಪ ಹೊತ್ತು ಮುಳುಗಿತ್ತು. ತಂಗಿ ಅದನ್ನೆತ್ತಿ, ತರಕಾರಿ ಹೆಚ್ಚುವ ಎರಡು ಮರದ ಹಲಗೆಗಳ ನಡುವೆ ಸಿಕ್ಕಿಸಿ, ಕೈಗೆ ಸಿಕ್ಕ ಕುರ್ಚಿಯ ಮೇಲಿಟ್ಟು ಅಂಗೈಯಿಂದ ಅದುಮಿದಳು.

"ತಣ್ಣಗಾಗೋವರೆಗೂ ಭಾರ ತೆಗೀಬಾರ್ದು. ತೆಗೆದ್ರೆ ಮತ್ತೆ ನಾಯಿಬಾಲ. ಭಾರದ್ದೇನಾದ್ರೂ ತಗೊಂಬಾ."

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಕಿಟಕಿಯಲ್ಲಿ ಇಣುಕಿದರೆ ಕಂಡಕ್ಟರ್! ಬಸ್ಸು ಒಂದು ನಿಮಿಷ ತಡವಾದರೂ ಸಹಿಸದ ಮನುಷ್ಯ ತಮ್ಮ ಬೀಳ್ಕೊಡುಗೆಗೂ ಮುಂಚಿತವಾಗಿಯೇ ಹೊರಟಿದ್ದರು. ಡ್ರೈವರಮ್ಮ ಬೋಳು ಬಸ್ಸನ್ನು ಎತ್ತಿಕೊಂಡು ಒಳಕೋಣೆಗೆ ಓಡಿದಳು. ತಂಗಿ ಹಲಗೆಗಳ ಮೇಲೊಂದು ದಿಂಬು ಎಸೆದು ಬಾಗಿಲು ತೆರೆದಳು.

"ಎಲ್ಲಿ ನಿಮ್ಮಕ್ಕ? ಕರ್ಕೊಂಡೇ ಹೋಗೋಣಾಂತ ಬಂದೆ. ಅವರನ್ನ ನಂಬಿದ್ರೆ ಬೀಳ್ಕೊಡುಗೆ ನಾಳೆ ನಡೆಯುತ್ತೆ" ಎನ್ನುತ್ತಾ ಒಳಬಂದವರು ನೇರವಾಗಿ ಆ ದಿಂಬಿನ ಮೇಲೆಯೇ ಕೂತರು. ಒಂದೂವರೆ ಆಳಿನ ತೂಕ. ಹಲಗೆ ಕಿರ್ರೆಂದಿತು. ಒಳಕೋಣೆಯಿಂದ ಡ್ರೈವರಮ್ಮ ಓಡಿಬಂದಳು.

"ಇದೇನಮ್ಮ, ದಿಂಬೋ ಬಂಡೆಯೋ?" ಎಂದು ಅವರು ಏಳಹೊರಟರು.

"ಏಳ್ಬೇಡಿ!" ಅಕ್ಕತಂಗಿಯರು ಒಟ್ಟಿಗೇ ಕೂಗಿದರು.

"ಗಟ್ಟಿ ಕುರ್ಚಿ ಬೆನ್ನಿಗೆ ಒಳ್ಳೇದು, ಸಾರ್" ಎಂದಳು ತಂಗಿ, ಮುಖದ ಮೇಲೆ ನಗುವಿನ ಸುಳಿವೂ ಇಲ್ಲದೆ.

ಟೀ ಬಂತು. ಅದು ಮುಗಿಯುವ ಮೊದಲೇ ಇನ್ನೊಂದು ಬಂತು. ಅವರು ಒಂದೊಂದು ಸಲ ಮಗ್ಗುಲು ಬದಲಿಸಿದಾಗಲೂ ಡ್ರೈವರಮ್ಮ ಕಿವಿ ನಿಮಿರಿಸಿದಳು. ಒಳಗೆ ಛಾವಣಿ ನೆಟ್ಟಗಾಗುತ್ತಿದೆಯೋ ಪುಡಿಯಾಗುತ್ತಿದೆಯೋ, ಕೇಳುವಂತಿಲ್ಲ.

"ಹನ್ನೆರಡು ವರ್ಷ ನಿಮ್ಮ ಗಾಡೀಲಿ ಒಂದಿನ ಕೂತವನಲ್ಲ ನಾನು" ಎಂದರು ಕಂಡಕ್ಟರ್. "ಇವತ್ತೇನು, ಏಳೋಕೇ ಬಿಡ್ತಿಲ್ವಲ್ಲ!"

"ಆ ಬಾಕಿ ಎಲ್ಲ ಇವತ್ತೇ ತೀರಿಸ್ಕೊಳ್ಳಿ, ಕಂಡಕ್ಟ್ರೇ."

ಕೊನೆಗೆ ಅವರು ಗಡಿಯಾರ ನೋಡಿ, "ನಾನು ಮುಂದೆ ಹೋಗಿರ್ತೀನಿ, ನೀವು ತಡ ಮಾಡಿದ್ರೆ ಅಲ್ಲಿಂದ್ಲೇ ಸೀಟಿ ಊದ್ತೀನಿ" ಎಂದು ಹೊರಟರು. ಬಾಗಿಲು ಮುಚ್ಚಿದ್ದೇ ತಡ, ತಂಗಿ ಹಲಗೆ ಎತ್ತಿದಳು. ಪಟ್ಟಿಯನ್ನು ಮೇಜಿನ ಮೇಲಿಟ್ಟು ಒಂದು ತುದಿಯನ್ನು ಬೆರಳಿಂದ ತಟ್ಟಿದಳು. ಇನ್ನೊಂದು ತುದಿ ಅಲುಗಲಿಲ್ಲ. ಬಸ್ಸಿನ ಮೇಲಿಟ್ಟು ಒತ್ತಿದರೆ, ಟಕ್!

ಡಿಪೋದಲ್ಲಿ ಕಂಡಕ್ಟರ್ ಆ ಬಸ್ಸನ್ನು ಕಣ್ಣಿನ ಹತ್ತಿರ ಹಿಡಿದು ಕಿಟಕಿಯೊಳಗೆ ಇಣುಕಿದರು. ಬಾಗಿಲ ಬಳಿ ಒಂದು ಪುಟ್ಟ ಗೊಂಬೆ ನಿಂತಿತ್ತು.

"ಇಲ್ಲೂ ನನ್ನನ್ನ ನಿಲ್ಲಿಸೇ ಬಿಟ್ರಲ್ಲ, ಡ್ರೈವರಮ್ಮ!"

"ಮಧ್ಯಾಹ್ನ ಅದರ ಛಾವಣಿ ಮೇಲೇ ಕೂತಿದ್ರಲ್ಲ, ಇನ್ನೂ ಸಾಲ್ದಾ?"

ಅವಳು ನಡೆದದ್ದನ್ನೆಲ್ಲ ಹೇಳಿದಾಗ ಡಿಪೋ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಂಡಕ್ಟರೇ.

ಮರುದಿನ ಬೆಳಿಗ್ಗೆ ಅವರು ಟಿಕೆಟ್ ಕೊಂಡು, ಡ್ರೈವರಮ್ಮನ ಹಿಂದಿನ ಸೀಟಿನಲ್ಲಿ ಕೂತು, ಕೊನೆಯ ನಿಲ್ದಾಣದವರೆಗೂ ಹೋಗಿಬಂದರು.