ಕೈಗುಣದ ಹಿಟ್ಟು

ಗಂಟಾಗಲಿ, ದೇವರೇ, ಒಂದೇ ಒಂದು ಗಂಟಾದರೂ ಆಗಲಿ, ಚಮಚಕ್ಕೆ ಅಡ್ಡ ಸಿಗಲಿ, ಶಿರೀಷಕ್ಕ ಅದನ್ನು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ಒಡೆಯಲು ಒದ್ದಾಡಲಿ, ಅತ್ತೆ ಅದನ್ನು ನೋಡಲಿ — ಅಯ್ಯೋ ಬೇಡ ಬೇಡ, ಏನು ಬೇಡಿಕೊಳ್ಳುತ್ತಿದ್ದಾಳೆ ಇವಳು, ಆ ಪಾತ್ರೆಯಲ್ಲಿ ಕುದಿಯುತ್ತಿರುವುದು ಶಿರೀಷಕ್ಕನ ಹಿಟ್ಟಲ್ಲವಲ್ಲ, ತನ್ನದು, ತಾನೇ ನೆನೆಸಿ ಮೊಳಕೆ ಕಟ್ಟಿದ ರಾಗಿ, ಗಂಟಾದರೆ ತನ್ನದೇ ಗಂಟು, ನುಣ್ಣಗೆ ಬರಲಿ ತಾಯೀ, ಬೆಣ್ಣೆಯ ಹಾಗೆ ಬರಲಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಮಾಲಾ ಬೇಡಿಕೆಯನ್ನು ತಿದ್ದಿಕೊಂಡಳು, ಸೊಂಟದ ಮೇಲಿನ ಮಗು ಅವಳ ಸರದ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು, ನಿನ್ನೆಗೆ ಆರು ತಿಂಗಳು ತುಂಬಿತು, ಈ ಆರು ತಿಂಗಳೂ ಅದಕ್ಕೆ ತನ್ನ ಹಾಲಲ್ಲದೆ ಹನಿ ನೀರೂ ಬಿದ್ದಿಲ್ಲ, ತಾನು ಬೇಕು, ತಾನೊಬ್ಬಳೇ ಬೇಕು, ಈ ಮನೆಯಲ್ಲಿ ಮಾಲಾ ಬೇಕೇ ಬೇಕು ಎಂದು ಅತ್ತು ಕರೆದದ್ದು ಈ ಒಂದೇ ಜೀವ — ಇವತ್ತು ಅದಕ್ಕೆ ಮೊದಲ ರಾಗಿ ಸರಿ, ಮೊದಲ ತುತ್ತು, ಅದೂ ಓರಗಿತ್ತಿ ಶಿರೀಷಕ್ಕನ ಕೈಯಿಂದ. ತೆಳ್ಳಗಿರ್ಲಿ ಶಿರೀಷಾ, ಗಟ್ಟಿ ಮಾಡ್ಬೇಡ ಕಣಮ್ಮ, ಅತ್ತೆ ಅಕ್ಕಯ್ಯಮ್ಮ ಮಣೆಯ ಮೇಲೆ ಕೂತು ಹೇಳುತ್ತಾರೆ, ಒಂಚೂರು ಬೆಲ್ಲ ಹಾಕು, ಬೇಡ ಅತ್ತೆ, ಒಂದು ವರ್ಷ ಆಗೋವರ್ಗೂ ಬೆಲ್ಲ ಉಪ್ಪು ಏನೂ ಹಾಕ್ಬೇಡಿ ಅಂದವ್ರೆ ಡಾಕ್ಟ್ರು, ಎಂದಳು ಶಿರೀಷಕ್ಕ, ಡಾಕ್ಟರ ಹತ್ತಿರ ಹೋದವಳು ಮಾಲಾ, ಕೇಳಿಸಿಕೊಂಡು ಬಂದವಳು ಮಾಲಾ, ಮನೆಯಲ್ಲಿ ಮೊದಲು ಹೇಳಿದವಳೂ ಮಾಲಾ, ಆದರೆ ಮಾತು ಈಗ ಶಿರೀಷಕ್ಕನದಾಗಿ ಹೋಯಿತು, ಅತ್ತೆ ತೆಪ್ಪಗೆ ಒಪ್ಪಿಕೊಂಡರು, ಇವಳು ಹೇಳಿದಾಗ ನಮ್ಮ ಕಾಲ್ದಲ್ಲಿ ಎಂದು ಶುರು ಮಾಡಿ ಅರ್ಧ ಗಂಟೆ ಬಿಟ್ಟಿರಲಿಲ್ಲ. ಹೊಟ್ಟೆಕಿಚ್ಚು, ಹೌದು, ಹೊಟ್ಟೆಕಿಚ್ಚೇ, ಬೇರೆ ಹೆಸರಿಟ್ಟು ಯಾರಿಗೆ ಮೋಸ ಮಾಡುವುದು, ಅದು ಎದೆಯಲ್ಲಿಲ್ಲ, ತಲೆಯಲ್ಲಿಲ್ಲ, ಸರಿಯಾಗಿ ಹೊಟ್ಟೆಯಲ್ಲೇ ಇದೆ, ಸಿಸೇರಿಯನ್ ಹೊಲಿಗೆಗಿಂತ ಒಂದು ಗೇಣು ಮೇಲೆ.

ಕೈಗುಣವಂತೆ, ಕೈಗುಣ. ಈ ಮನೆಯಲ್ಲಿ ಏನನ್ನು ಮೊದಲು ಮಾಡಬೇಕಾದರೂ ಶಿರೀಷಕ್ಕನ ಕೈಯೇ ಆಗಬೇಕು, ಉಪ್ಪಿನಕಾಯಿ ಜಾಡಿಗೆ ಮೊದಲ ಹಿಡಿ ಉಪ್ಪು, ಹಿಪ್ಪುನೇರಳೆ ತೋಟಕ್ಕೆ ಮೊದಲ ಕಡ್ಡಿ, ಹುಳುಮನೆಯಲ್ಲಿ ಮರಿ ರೇಷ್ಮೆಹುಳುಗಳಿಗೆ ಮೊದಲ ಸೊಪ್ಪು, ಶಿರೀಷಾ ಸೊಪ್ಪಿಟ್ಟಿದ್ ಬೆಳೆ ಒಂದೂ ಕೆಟ್ಟಿಲ್ಲ ಕಣಪ್ಪ, ಗೂಡು ಒಂದೊಂದೂ ಹಿಂಗೆ ಗಟ್ಟಿ, ಎಂದು ಅತ್ತೆ ಶಿಡ್ಲಘಟ್ಟದ ಮಾರುಕಟ್ಟೆಯವರೆಗೂ ಸಾರಿಕೊಂಡು ಬಂದಿದ್ದಾರೆ, ಮಾಲಾ ಸೊಪ್ಪಿಟ್ಟದ್ದು ಒಂದೇ ಸಲ, ಮದುವೆಯಾದ ವರ್ಷ, ಶಿರೀಷಕ್ಕ ಚಿಂತಾಮಣಿಗೆ ತವರಿಗೆ ಹೋಗಿದ್ದಾಗ, ಎಳೆ ಎಲೆಯನ್ನು ದಾರದಷ್ಟು ಸಣ್ಣಗೆ ಹೆಚ್ಚಿ ಉದುರಿಸಿದ್ದಳು, ಎಷ್ಟು ಖುಷಿಯಿತ್ತು ಅವತ್ತು, ಗೂಡು ಕಟ್ಟುವ ಹೊತ್ತಿಗೆ ಹುಳುಗಳಿಗೆಲ್ಲ ಸಪ್ಪೆ ರೋಗ, ತಟ್ಟೆ ತಟ್ಟೆಯಾಗಿ ಗುಂಡಿಗೆ ಸುರಿದರು, ಮಳೆಗೆ ಸೊಪ್ಪು ಒದ್ದೆಯಾಗಿತ್ತು, ಊರಿನಲ್ಲಿ ಇನ್ನೂ ಮೂರು ಮನೆಗಳಲ್ಲಿ ಹಾಗೇ ಆಯಿತು, ಯಾರೂ ಇವಳಿಗೆ ಒಂದು ಮಾತು ಅನ್ನಲಿಲ್ಲ, ಅಂದಿದ್ದರೆ ಜಗಳವಾದರೂ ಆಡಬಹುದಿತ್ತು, ಅಂದಿನಿಂದ ಬರೀ ಇಷ್ಟೇ — ನೀನ್ಯಾಕಮ್ಮ, ಶಿರೀಷಾ ಬರ್ಲಿ ಬಿಡು. ಹೋದ ವಾರವೂ ಅದೇ, ಪಾಪುಗೆ ಸರಿ ಹಿಟ್ಟು ಶಿರೀಷಾ ಮಾಡ್ಲಿ, ಮೊದ್ಲನೇ ತುತ್ತೂ ಅವಳೇ ಇಡ್ಲಿ, ಅವಳ ಮಕ್ಳು ನೋಡು, ಇಬ್ರೂ ಗುಂಡುಕಲ್ಲಂಗವ್ರೆ, ಅತ್ತೆ ಹೀಗೆಂದಾಗ ಗಂಡ ಮುರಳಿಮೋಹನ್ ಮೊಬೈಲಿನಿಂದ ತಲೆ ಎತ್ತದೆ ಹೂಂ ಎಂದ, ತನ್ನ ಮಗು ಹುಳುವೇ, ತನ್ನ ಕೈ ತಾಗಿದರೆ ಅದಕ್ಕೂ ರೋಗ ಬರುತ್ತದೆಯೇ, ಕೇಳಬೇಕಿತ್ತು. ನಾಲ್ಕು ದಿನ ಇದ್ದು ಬರ್ತೀನಿ ಎಂದು ತೊಂಡೇಬಾವಿಗೆ, ತವರಿಗೆ ಹೋದಳು, ಅಲ್ಲಿ ಅಮ್ಮನಿಗೂ ಮುಟ್ಟಗೊಡದೆ ತಾನೇ ರಾಗಿ ತೊಳೆದು ನೆನೆಸಿದಳು, ಬಿಳಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಳು, ಗಳಿಗೆಗೊಮ್ಮೆ ಮುಟ್ಟಿ ನೋಡಿದಳು, ಬಟ್ಟೆಯನ್ನು ತೂರಿಕೊಂಡು ಮೊಳಕೆ ಹೊರಗೆ ಬಂದಾಗ ಹುಚ್ಚಿಯ ಹಾಗೆ ಅತ್ತಳು, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ಅಪ್ಪನ ಹಳೆಯ ತೆಳು ಪಂಚೆಯಲ್ಲಿ ಮೂರು ಸಲ ಜರಡಿ ಹಿಡಿದಳು, ಯಾಕೆ ಇಷ್ಟು ಕಷ್ಟ ಬೀಳ್ತೀಯೆ, ನಿಮ್ಮನೇಲಿ ಮಾಡ್ತಾರಂತಲ್ಲೇ ಎಂದಳು ಅಮ್ಮ. ವಾಪಸ್ಸು ಬಂದ ಮೇಲೆ, ನಿನ್ನೆ ಮಧ್ಯಾಹ್ನ ಶಿರೀಷಕ್ಕ ತೋಟಕ್ಕೆ ಹೋದ ಹೊತ್ತು ನೋಡಿ ಸ್ಟೀಲಿನ ಡಬ್ಬಿಯಲ್ಲಿದ್ದ ಅವಳ ಹಿಟ್ಟನ್ನು ತೆಗೆದು ತನ್ನದನ್ನು ತುಂಬಿದಳು, ಒಂದೇ ಬಣ್ಣ, ಒಂದೇ ಘಮ, ದೇವರಿಗೂ ಗೊತ್ತಾಗುವುದಿಲ್ಲ, ಕೈ ಅವಳದಾದರೇನು, ಹೊಟ್ಟೆಗೆ ಹೋಗುವುದು ತನ್ನದು, ಅಷ್ಟು ತನಗೊಬ್ಬಳಿಗೆ ಗೊತ್ತಿದ್ದರೆ ಸಾಕು ಎಂದುಕೊಂಡಳು. ತೆಗೆದ ಹಿಟ್ಟನ್ನು ಚೆಲ್ಲಲು ಮನಸ್ಸಾಗದೆ ಇವತ್ತು ಬೆಳಿಗ್ಗೆ ಗಂಡನಿಗೆ ಅಂಬಲಿ ಕಾಸಿಕೊಟ್ಟಳು, ಏನೇ ಇವತ್ತು ಅಂಬಲಿ ಇಷ್ಟು ಚೆನ್ನಾಗೈತೆ, ಎರಡು ಲೋಟ ಕುಡಿದ ಮಹಾರಾಯ, ಮೂರು ವರ್ಷದಲ್ಲಿ ಅವನು ಅಂಬಲಿಯನ್ನು ಹೊಗಳಿದ್ದು ಇದೇ ಮೊದಲು, ಹಾಳಾದ್ದು.

ಕೊಡಿಲ್ಲಿ ಮಾಲಾ, ಎಂದು ಶಿರೀಷಕ್ಕ ಕೈ ಚಾಚಿದಳು, ಮಗು ಹೋಯಿತು, ನಗುತ್ತಲೇ ಹೋಯಿತು, ಸೊಂಟದ ಮೇಲೆ ಅದು ಕೂತಿದ್ದ ಜಾಗ ಮಾತ್ರ ಬೆಚ್ಚಗೆ ಉಳಿಯಿತು, ಇವತ್ತು ಎರಡು ಚಮಚ, ನಾಳೆ ನಾಲ್ಕು, ಆಮೇಲೆ ಅನ್ನ ಬೇಳೆ, ಆಮೇಲೆ ಬಾಳೆಹಣ್ಣು, ದಿನಕ್ಕಿಷ್ಟು ದಿನಕ್ಕಿಷ್ಟು ತನ್ನ ಪಾಲು ಕಡಿಮೆಯಾಗುತ್ತಾ ಹೋಗುವುದು, ಬಟ್ಟಲಿನ ಮೇಲೂ ಹೊಟ್ಟೆಕಿಚ್ಚು ಪಡುವ ತಾಯಿ ಲೋಕದಲ್ಲಿ ಇನ್ನೊಬ್ಬಳಿದ್ದಾಳೋ ಇಲ್ಲವೋ. ಶಿರೀಷಕ್ಕ ಒಂದು ಹನಿ ತುಪ್ಪ ಬಿಟ್ಟಳು, ಸರಿಯನ್ನು ಮಣಿಕಟ್ಟಿಗೆ ಮುಟ್ಟಿಸಿ ಬಿಸಿ ನೋಡಿದಳು, ದಾ ಬಂಗಾರು, ಆ ಅನು, ಆ ಅನು, ಮಕ್ಕಳೆಂದರೆ ಅವಳ ನಾಲಿಗೆಗೆ ತವರಿನ ತೆಲುಗೇ ಬರುವುದು, ಉಗುಳು ಚಿನ್ನಾ, ಉಗುಳಿಬಿಡು, ಮಾಲಾ ಒಳಗೊಳಗೇ ಹೇಳಿಕೊಂಡಳು, ಅವಳ ಮುಖದ ಮೇಲೇ ಉಗುಳು, ಇಲ್ಲ ಇಲ್ಲ, ನುಂಗು, ಅದು ನಿನ್ನಮ್ಮನದು, ನುಂಗು — ಚಮಚ ತುಟಿಗೆ ತಾಗಿತು, ಪುಟ್ಟ ನಾಲಿಗೆ ಸರಿಯನ್ನು ಹೊರಗೆ ನೂಕಿತು, ಗಲ್ಲಕ್ಕೆ ಇಳಿಯಿತು, ಅತ್ತೆ ಉಸಿರು ಹಿಡಿದರು, ಮಗು ಹುಬ್ಬು ಗಂಟಿಕ್ಕಿ ಏನೋ ಯೋಚಿಸಿತು, ಚಪ್ಪರಿಸಿತು, ನುಂಗಿತು, ಆಮೇಲೆ ಬಾಯಿ ತೆರೆಯಿತು, ತಾನಾಗಿಯೇ, ಇನ್ನೂ ಬೇಕೆಂದು. ಮಾಲಾಳ ಮೈಯೆಲ್ಲ ಜುಮ್ಮೆಂದಿತು, ಗೆದ್ದೆ, ನನ್ನ ರಾಗಿ, ನನ್ನ ಮೊಳಕೆ, ಆದರೆ ಆ ಗೆಲುವು ಒಂದು ಗುಟುಕಿನಷ್ಟು ಹೊತ್ತೂ ಇರಲಿಲ್ಲ, ನೋಡಿದ್ಯೇನೇ ಮಾಲಾ, ನೋಡಿದ್ಯಾ ನಮ್ಮ ಶಿರೀಷನ ಕೈಗುಣಾನ, ಯಾವ ಮಗು ಮೊದ್ಲನೇ ದಿನ ಹಿಂಗೆ ತಿನ್ನುತ್ತೆ ಹೇಳು, ಹಿಟ್ಟು ಅಂದ್ರೆ ಇದು, ಇನ್ಮೇಲೆ ದಿನಾ ನೀನೇ ತಿನ್ಸಮ್ಮ, ಅತ್ತೆ ಎರಡೂ ಕೈಯಲ್ಲಿ ಶಿರೀಷಕ್ಕನ ದೃಷ್ಟಿ ತೆಗೆದು ಲಟಿಕೆ ಮುರಿದರು. ಅದು ನನ್ನ ಹಿಟ್ಟು, ಹೇಳಿಬಿಡಲೇ, ಹೇಳಿದರೆ ಕದ್ದೆ ಎಂದೂ ಹೇಳಬೇಕು, ಅಕ್ಕನ ಹಿಟ್ಟೆಲ್ಲಿ ಎಂದರೆ ಗಂಡನ ಹೊಟ್ಟೆಯಲ್ಲಿ ಎನ್ನಬೇಕು, ನಗಬಹುದು, ನಕ್ಕರೆ ಪರವಾಗಿಲ್ಲ, ನಗದೆ ಅತ್ತೆ ಮಗುವಿನ ಕಡೆ ಒಂದು ಸಲ ಹೆದರಿ ನೋಡಿದರೆ, ಆ ಒಂದು ನೋಟವನ್ನು ತಡೆದುಕೊಳ್ಳಲು ಇವಳಿಂದಾಗದು.

ಬಾ ಮಾಲಾ, ನೀನೂ ಒಂದು ಚಮಚ ಕೊಡು, ತಾಯಿ ಕೊಟ್ರೆ ಅದರ ರುಚಿನೇ ಬೇರೆ, ಶಿರೀಷಕ್ಕನೇ ಕರೆದಳು, ಅವಳಿಗೆ ಒಂಚೂರು ಕೆಟ್ಟತನವಾದರೂ ಇರಬಾರದಿತ್ತೇ, ಆಗ ದ್ವೇಷ ಮಾಡುವುದಾದರೂ ಸುಲಭವಾಗುತ್ತಿತ್ತು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು, ಚಮಚವನ್ನು ತಿರುಗಿಸಿ ಹಿಡಿ ಇವಳ ಕಡೆ ಮಾಡಿದಳು. ಮಾಲಾ ತುಂಬಿಕೊಂಡಳು, ಅರ್ಧ ಚಮಚ, ಊದಿದಳು, ಆ ಅನ್ನು ಚಿನ್ನಾ, ಆ, ಮಗು ಇವಳ ಮುಖ ನೋಡಿತು, ಗುರುತು ಹಿಡಿದು ನಕ್ಕಿತು, ತುಟಿ ಬಿಗಿಯಿತು. ಇನ್ನೊಂದು ಸಲ, ಆ, ತುಟಿಗೆ ಚಮಚ ತಾಗಿಸಿದರೆ ಮುಖವನ್ನೇ ಆಚೆ ತಿರುಗಿಸಿತು. ಹೊಟ್ಟೆ ತುಂಬೈತೇನೋ, ಬಲವಂತ ಮಾಡ್ಬೇಡ ಕಣಮ್ಮ, ಅತ್ತೆಯ ದನಿಯಲ್ಲಿ ಆಡಿಕೊಳ್ಳುವಿಕೆ ಇರಲಿಲ್ಲ, ಕರುಣೆಯಿತ್ತು, ಅದೇ ಚುಚ್ಚಿತು, ಹೌದು ತುಂಬಿರಬೇಕು, ತುಂಬಿದೆ ಅಷ್ಟೇ, ಬೇರೇನೂ ಇಲ್ಲ, ಮಾಲಾ ಚಮಚವನ್ನು ಹಾಗೇ ವಾಪಸ್ಸು ಕೊಟ್ಟಳು, ಅದೇ ಚಮಚ, ಅದೇ ಅರ್ಧ ಚಮಚ ಸರಿ, ಶಿರೀಷಕ್ಕ ಬಟ್ಟಲಿಗೆ ಸುರಿಯಲೆಂದು ಎತ್ತಿದಳು ಅಷ್ಟೇ, ತಿನ್ನಿಸಲೆಂದು ಅಲ್ಲ — ಮಗು ಅದರ ಹಿಂದೆಯೇ ಕತ್ತು ಚಾಚಿತು, ಬಾಯಿ ತೆರೆಯಿತು, ಕೆಂಪು ವಸಡು, ಹಲ್ಲಿಲ್ಲದ ಬಾಯಿ, ತಾನೇ ಹೆತ್ತ ಬಾಯಿ, ಅಕ್ಕನ ಕೈಯ ಕಡೆಗೆ ಇಷ್ಟಗಲ ತೆರೆದ ಬಾಯಿ, ತೆರೆದ ಬಾಯಿ.